ತಟ್ಟೆಯಲ್ಲಿ ಗೆದ್ದ ಸೊಪ್ಪು, ಬಾಯಲ್ಲಿ?

ಇನ್‌ಕ್ಯುಬೇಟರಿನ 37 ಡಿಗ್ರಿ ಕಾವಿನಲ್ಲಿ ರಾತ್ರಿ ಕಳೆದ ಗಾಜಿನ ತಟ್ಟೆಯನ್ನು ಹೊರತೆಗೆದು ಬೆಳಕಿಗೆ ಹಿಡಿದರೆ, ಅದರ ಮೈತುಂಬ ಬ್ಯಾಕ್ಟೀರಿಯಾ ಮಬ್ಬಾಗಿ ಹಬ್ಬಿರುತ್ತದೆ. ಆ ಮಬ್ಬಿನ ನಡುವೆ ಅಲ್ಲಲ್ಲಿ ತಿಳಿಯಾದ ವೃತ್ತಗಳು. ಪ್ರತಿ ವೃತ್ತದ ನಟ್ಟನಡುವೆ, ಬ್ಯಾಕ್ಟೀರಿಯಾ ಬೆಳೆಸಲು ತಟ್ಟೆಗೆ ಹಾಕುವ ಅಗರ್ ಎಂಬ ಲೋಳೆಪದರವನ್ನು ಕೊರೆದು ಮಾಡಿದ ಪುಟ್ಟ ಗುಂಡಿ. ಒಂದು ಗುಂಡಿಗೆ ಬೇವಿನೆಲೆಯ ಸಾರ ಹಾಕಿದ್ದಾರೆ, ಇನ್ನೊಂದಕ್ಕೆ ಸೀಬೆ ಎಲೆಯದು, ಮೂರನೆಯದಕ್ಕೆ ಲವಂಗದ್ದು. ನಾಲ್ಕನೆಯದರಲ್ಲಿ ದಂತವೈದ್ಯರು ಬಾಯಿ ಮುಕ್ಕಳಿಸಲು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್. ಐದನೆಯದರಲ್ಲಿ ಏನೂ ಬೆರೆಸದ ಬರೀ ದ್ರಾವಕ. ಬ್ಯಾಕ್ಟೀರಿಯಾ ಬೆಳೆಯದೆ ಉಳಿದ ಜಾಗಕ್ಕೆ ಸ್ಕೇಲ್ ಇಟ್ಟು, ಅಡ್ಡಳತೆಯನ್ನು ಮಿಲಿಮೀಟರಿನಲ್ಲಿ ಬರೆದುಕೊಂಡರೆ ಪ್ರಯೋಗದ ಫಲಿತಾಂಶ ಸಿಕ್ಕಂತೆ.

ಕರ್ನಾಟಕದ ದಂತ ವೈದ್ಯಕೀಯ ಕಾಲೇಜುಗಳಲ್ಲಿ, ಫಾರ್ಮಸಿ ಕಾಲೇಜುಗಳಲ್ಲಿ, ವಿಶ್ವವಿದ್ಯಾಲಯಗಳ ಸಸ್ಯಶಾಸ್ತ್ರ ಮತ್ತು ಸೂಕ್ಷ್ಮಜೀವಿಶಾಸ್ತ್ರ ವಿಭಾಗಗಳಲ್ಲಿ ಈ ತಟ್ಟೆ ವರ್ಷವಿಡೀ ಕಣ್ಣಿಗೆ ಬೀಳುತ್ತದೆ. ಬೆಳಗಾವಿಯ ಮರಾಠಾ ಮಂಡಳ ದಂತ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕಂತೂ ಬೇರೆ ಬೇರೆ ಊರುಗಳ ಕಾಲೇಜುಗಳಿಂದ ಮಾದರಿಗಳು ಪರೀಕ್ಷೆಗೆ ಬರುತ್ತವೆ. ಬೇವು, ಹೊಂಗೆ, ಉತ್ತರಾಣಿ, ತುಳಸಿ, ದಾಳಿಂಬೆ ಸಿಪ್ಪೆ, ಅರಿಸಿನ, ಲಕ್ಕಿ ಸೊಪ್ಪು, ಮಾವಿನೆಲೆ, ವೀಳ್ಯದೆಲೆ ಎಲ್ಲವೂ ಈ ತಟ್ಟೆಗೆ ಬಂದು ಹೋಗಿವೆ. ಬಹುತೇಕ ಎಲ್ಲವೂ ಒಂದಿಷ್ಟು ವೃತ್ತ ಬಿಡಿಸಿವೆ. ಆ ವೃತ್ತ ಆಮೇಲೆ ಪ್ರಬಂಧವಾಗುತ್ತದೆ, ಪ್ರಬಂಧ ಸುದ್ದಿಯಾಗುತ್ತದೆ, ಸುದ್ದಿ ಟೂತ್‌ಪೇಸ್ಟ್ ಡಬ್ಬಿಯ ಮೇಲಿನ ಎಲೆಯ ಚಿತ್ರವಾಗುತ್ತದೆ.

ಆ ವೃತ್ತ ಸುಳ್ಳಲ್ಲ. ಆದರೆ ಅದು ಒಂದು ದೀರ್ಘ ವಿಚಾರಣೆಯ ಮೊದಲ ಪ್ರಶ್ನೆಗೆ ಸಿಕ್ಕ ಉತ್ತರ. ನಾವು ಅಲ್ಲಿಗೇ ನಿಂತುಬಿಡುತ್ತಿದ್ದೇವೆ. ನಮ್ಮ ಹಿತ್ತಲಿನ ಗಿಡಗಳ ಮೇಲೆ ನಿಜವಾದ ಗೌರವವಿದ್ದರೆ ಅವುಗಳಿಗೆ ಇನ್ನೂ ಕಠಿಣವಾದ ಪ್ರಶ್ನೆಗಳನ್ನು ಕೇಳಬೇಕು ಎಂಬುದು ನನ್ನ ಬಲವಾದ ನಂಬಿಕೆ. ಆ ಪ್ರಶ್ನೆಗಳು ಯಾವುವು, ಅವನ್ನು ಕೇಳಿದವರಿಗೆ ಏನು ಸಿಕ್ಕಿತು ಎಂಬುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹುಳುವಿನಿಂದ ಆಮ್ಲದವರೆಗೆ

ಹಲ್ಲುನೋವಿಗೆ ಒಳಗೆ ಕೂತ ಹುಳುವೇ ಕಾರಣ ಎಂಬ ನಂಬಿಕೆ ಪ್ರಾಚೀನ ಮೆಸೊಪೊಟೇಮಿಯಾದಿಂದ ನಮ್ಮ ಹಳ್ಳಿಗಳವರೆಗೆ ಹಬ್ಬಿತ್ತು. ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ ಅದರ ಹೊಗೆಯನ್ನು ನೋಯುವ ಹಲ್ಲಿಗೆ ಹಿಡಿಸಿದರೆ ಹುಳು ಉದುರುತ್ತದೆ ಎನ್ನುವವರು ಈಗಲೂ ಇದ್ದಾರೆ. 1683ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಹಲ್ಲುಗಳ ಸಂದಿಯ ಬಿಳಿ ಲೋಳೆಯನ್ನು ಕೆರೆದು, ತಾನೇ ಮಾಡಿದ ಮಸೂರದ ಕೆಳಗಿಟ್ಟು ನೋಡಿದ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಓಡಾಡುತ್ತಿರುವುದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ. 1728ರಲ್ಲಿ ಫ್ರಾನ್ಸಿನ ಪಿಯರ್ ಫೋಶಾರ್ ಹಲ್ಲಿನ ಹುಳುವಿನ ಕಥೆಯನ್ನು ತಳ್ಳಿಹಾಕಿದ. ಆದರೆ ಆ ಪುಟ್ಟ ಜೀವಿಗಳಿಗೂ ಹುಳುಕು ಹಲ್ಲಿಗೂ ಇರುವ ನಂಟು ತಿಳಿಯಲು ಇನ್ನೂ ಒಂದೂವರೆ ಶತಮಾನ ಹಿಡಿಯಿತು. ಬರ್ಲಿನ್ನಿನಲ್ಲಿದ್ದ ಅಮೆರಿಕದ ದಂತವೈದ್ಯ ವಿಲೋಬಿ ಮಿಲ್ಲರ್ ಕಿತ್ತ ಹಲ್ಲುಗಳನ್ನು ಬ್ರೆಡ್ಡು ಮತ್ತು ಜೊಲ್ಲಿನ ಮಿಶ್ರಣದಲ್ಲಿ ನೆನೆಹಾಕಿ ಬೆಚ್ಚಗಿಟ್ಟ. ಹಲ್ಲು ಕರಗತೊಡಗಿತು. ಬಾಯಿಯ ಬ್ಯಾಕ್ಟೀರಿಯಾಗಳು ಹಿಟ್ಟು-ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆ ಆಮ್ಲ ಎನಾಮೆಲ್ಲನ್ನು ತಿನ್ನುತ್ತದೆ ಎಂದು 1890ರ ತನ್ನ ಪುಸ್ತಕದಲ್ಲಿ ಅವನು ವಿವರಿಸಿದ. 1924ರಲ್ಲಿ ಲಂಡನ್ನಿನ ಕಿಲಿಯನ್ ಕ್ಲಾರ್ಕ್ ಹುಳುಕು ಹಲ್ಲಿನಿಂದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದ. ಇವತ್ತು ನಮ್ಮ ಪ್ರಯೋಗಾಲಯಗಳಲ್ಲಿ ಗಿಡಮೂಲಿಕೆಗಳೆದುರು ನಿಲ್ಲಿಸುವ ಮುಖ್ಯ ಆರೋಪಿ ಇದೇ.

ಇದರ ಕೆಲಸದ ಬಗೆ ತಿಳಿಯದೆ ಪರೀಕ್ಷೆಯ ಅರ್ಥ ತಿಳಿಯುವುದಿಲ್ಲ. ನಾವು ತಿಂದ ಸಕ್ಕರೆಯಿಂದ ಮ್ಯೂಟನ್ಸ್ ಎರಡು ವಸ್ತುಗಳನ್ನು ತಯಾರಿಸುತ್ತದೆ. ಒಂದು ಲ್ಯಾಕ್ಟಿಕ್ ಆಮ್ಲ. ಇದರಿಂದ ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ಲಿನ ಖನಿಜ ಕರಗತೊಡಗುತ್ತದೆ. ಇನ್ನೊಂದು ಗ್ಲೂಕನ್ ಎಂಬ ಅಂಟು. ತನ್ನ ಕಿಣ್ವಗಳಿಂದ ಸಕ್ಕರೆಯ ಕಣಗಳನ್ನು ಸರಪಳಿಯಾಗಿ ಜೋಡಿಸಿ ಮಾಡಿದ ಈ ಅಂಟಿನಿಂದ ಅದು ಹಲ್ಲಿಗೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಬೇರೆ ಬ್ಯಾಕ್ಟೀರಿಯಾಗಳಿಗೂ ನೆಲೆ ಒದಗಿಸುತ್ತದೆ. ಹಾಗಾಗಿ ಒಂದು ಗಿಡದ ಸಾರ ಈ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದು, ಅದರ ಆಮ್ಲವನ್ನು ತಗ್ಗಿಸಬಹುದು, ಇಲ್ಲವೇ ಅಂಟು ತಯಾರಾಗದಂತೆ ತಡೆಯಬಹುದು. ಗಾಜಿನ ತಟ್ಟೆ ತೋರಿಸುವುದು ಈ ಮೂರರಲ್ಲಿ ಮೊದಲನೆಯದನ್ನು ಮಾತ್ರ. ಉಳಿದೆರಡಕ್ಕೆ ಅದು ಕುರುಡು.

ಹಲ್ಲುಜ್ಜುವ ಕಡ್ಡಿಯ ಬಗ್ಗೆ ಚರಕ, ಸುಶ್ರುತ ಸಂಹಿತೆಗಳು ಆಸ್ಥೆಯಿಂದ ಹೇಳುತ್ತವೆ. ಕಡ್ಡಿ ಕಹಿ, ಖಾರ, ಒಗರು ರುಚಿಯದಾಗಿರಬೇಕು. ಸುಶ್ರುತನ ಪ್ರಕಾರ ಕಹಿಗಳಲ್ಲಿ ಬೇವು ಉತ್ತಮ, ಒಗರಿನವುಗಳಲ್ಲಿ ಕಾಚಿನ ಮರ, ಖಾರದವುಗಳಲ್ಲಿ ಹೊಂಗೆ. ಸಾವಿರಾರು ವರ್ಷಗಳ ಹಿಂದಿನ ಈ ರುಚಿಯ ವಿಂಗಡಣೆ ಇಂದಿನ ರಸಾಯನಶಾಸ್ತ್ರಕ್ಕೆ ಹತ್ತಿರ ಬರುತ್ತದೆ ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ. ಒಗರೆಂದರೆ ಬಹುಪಾಲು ಟ್ಯಾನಿನ್, ಅಂದರೆ ಪ್ರೋಟೀನನ್ನು ಹಿಡಿದು ಗಟ್ಟಿಮಾಡುವ ಪಾಲಿಫಿನಾಲ್‌ಗಳು. ಬೇವಿನ ಕಹಿಯ ಹಿಂದೆ ನಿಂಬಿನ್, ನಿಂಬೊಲೈಡ್‌ಗಳಂಥ ಲಿಮೊನಾಯ್ಡ್‌ಗಳು. ನಮ್ಮ ಕಡೆ ಬಯಲುಸೀಮೆಯಲ್ಲಿ ಬೇವು, ಜಾಲಿ, ಹೊಂಗೆಯ ಕಡ್ಡಿ, ಕರಾವಳಿ-ಮಲೆನಾಡಿನಲ್ಲಿ ಮಡಚಿದ ಮಾವಿನೆಲೆ, ಎಲ್ಲ ಕಡೆ ಉಪ್ಪು-ಇದ್ದಿಲು ಬಳಕೆಯಲ್ಲಿದ್ದವು. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯಿಂದ ಬಂದ ನಂಜನಗೂಡು ಹಲ್ಲುಪುಡಿ ಹಳೆಯ ಮೈಸೂರು ಸೀಮೆಯ ಎಷ್ಟೋ ಮನೆಗಳ ಬಚ್ಚಲಿನಲ್ಲಿ ಇದ್ದೇ ಇರುತ್ತಿತ್ತು.

ಸಾರ ತೆಗೆಯುವ ಕೆಲಸ

ಪರೀಕ್ಷೆಯ ಅರ್ಧ ಸೋಲು-ಗೆಲುವು ತಟ್ಟೆಗೆ ಬರುವ ಮೊದಲೇ ತೀರ್ಮಾನವಾಗಿರುತ್ತದೆ. ತಂದ ಗಿಡ ನಿಜಕ್ಕೂ ಆ ಗಿಡವೇ ಎಂಬುದರಿಂದ ಶುರು. ಗಂಧಿಗೆ ಅಂಗಡಿಯಲ್ಲಿ ವಾಯುವಿಳಂಗ ಕೇಳಿದರೆ ಅದನ್ನೇ ಹೋಲುವ ಬೇರೆ ಕಾಯಿ ಸಿಗುವುದುಂಟು, ಅಶೋಕದ ತೊಗಟೆಯ ಹೆಸರಿನಲ್ಲಿ ಬೀದಿಬದಿಯ ಎತ್ತರದ ಕಂಬದ ಅಶೋಕದ ತೊಗಟೆ ಬರುವುದುಂಟು. ಆದ್ದರಿಂದ ಗಿಡದ ಒಣಗಿಸಿದ ಮಾದರಿಯೊಂದನ್ನು ಸಸ್ಯಶಾಸ್ತ್ರಜ್ಞರಿಂದ ಗುರುತಿಸಿ, ಸಂಖ್ಯೆ ಕೊಟ್ಟು, ಹರ್ಬೇರಿಯಂನಲ್ಲಿ ಇಡಬೇಕು. 1993ರಿಂದ ಬೆಂಗಳೂರಿನ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಔಷಧಿ ಸಸ್ಯಗಳ ಇಂಥ ದೊಡ್ಡ ಸಂಗ್ರಹವನ್ನು ಬೆಳೆಸಿಕೊಂಡು ಬಂದಿರುವುದು ಈ ಕ್ಷೇತ್ರಕ್ಕೆ ದೊರೆತ ದೊಡ್ಡ ಆಸರೆ. ಆ ಸಂಖ್ಯೆಯಿಲ್ಲದ ಪ್ರಬಂಧವನ್ನು ನಾನು ನಂಬಲಾರೆ. ಯಾವ ಗಿಡವನ್ನು ಪರೀಕ್ಷಿಸಿದರು ಎಂದೇ ಖಚಿತವಿಲ್ಲದ ಮೇಲೆ ಉಳಿದ ಅಂಕಿಗಳಿಂದ ಏನು ಪ್ರಯೋಜನ?

ಎಲೆ ನೆರಳಿನಲ್ಲಿ ಒಣಗಬೇಕು, ಪುಡಿಯಾಗಬೇಕು, ಆಮೇಲೆ ಸಾಕ್ಸ್‌ಲೆಟ್ ಉಪಕರಣಕ್ಕೆ ಹೋಗಬೇಕು. 1879ರಲ್ಲಿ ಜರ್ಮನಿಯ ಫ್ರಾಂಟ್ಸ್ ಫಾನ್ ಸಾಕ್ಸ್‌ಲೆಟ್ ಹಾಲಿನ ಕೊಬ್ಬನ್ನು ಅಳೆಯಲು ರೂಪಿಸಿದ ಈ ಗಾಜಿನ ಸಾಧನ ಇಂದು ಪ್ರತಿ ಔಷಧಿ ಸಸ್ಯ ಪ್ರಯೋಗಾಲಯದಲ್ಲೂ ಇದೆ. ಕೆಳಗೆ ಕುದಿಯುವ ದ್ರಾವಕ ಆವಿಯಾಗಿ ಮೇಲೇರಿ, ತಣಿದು ಪುಡಿಯ ಮೇಲೆ ತೊಟ್ಟಿಕ್ಕಿ, ತುಂಬಿದೊಡನೆ ತಾನೇ ಕೆಳಗಿಳಿದು ಮತ್ತೆ ಕುದಿಯುತ್ತದೆ. ಈ ಚಕ್ರ ಗಂಟೆಗಟ್ಟಲೆ ನಡೆಯುತ್ತದೆ. ಹಸಿರೋ ಕಂದೋ ಬಣ್ಣದ ದ್ರವವನ್ನು ಇಂಗಿಸಿದರೆ ಕೊನೆಗೆ ಉಳಿಯುವುದು ಜಿಗುಟಾದ ಸಾರ.

ಯಾವ ದ್ರಾವಕ ಎಂಬುದು ಇಲ್ಲಿ ಬಹಳ ಮುಖ್ಯ. ನೀರು ಟ್ಯಾನಿನ್, ಸಕ್ಕರೆ, ಲವಣಗಳನ್ನು ಎಳೆದು ತರುತ್ತದೆ. ಎಥನಾಲ್, ಮೆಥನಾಲ್‌ಗಳು ಅವುಗಳ ಜೊತೆ ಫ್ಲೇವನಾಯ್ಡ್, ಆಲ್ಕಲಾಯ್ಡ್‌ಗಳನ್ನೂ ತರುತ್ತವೆ. ಹೆಕ್ಸೇನ್ ಎಣ್ಣೆ-ಮೇಣಗಳನ್ನು ಕರಗಿಸುತ್ತದೆ. ಮೆಥನಾಲ್ ಸಾರ ದೊಡ್ಡ ವೃತ್ತ ಕೊಟ್ಟು, ನೀರಿನ ಸಾರ ಏನೂ ಕೊಡದಿರುವ ಫಲಿತಾಂಶಗಳು ಬೇಕಾದಷ್ಟಿವೆ. ಅಜ್ಜಿ ಮಾಡುತ್ತಿದ್ದುದು ನೀರಿನ ಕಷಾಯ. ಆದ್ದರಿಂದ ಮೆಥನಾಲ್ ಸಾರದ ಗೆಲುವನ್ನು ಅಜ್ಜಿಯ ಕಷಾಯಕ್ಕೆ ಸಿಕ್ಕ ಪ್ರಮಾಣಪತ್ರ ಎಂದು ಓದುವಂತಿಲ್ಲ. ಎಥನಾಲ್ ತಾನೇ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬುದನ್ನೂ ನೆನಪಿಡಬೇಕು. ಬರೀ ದ್ರಾವಕದ ಆ ಐದನೆಯ ಗುಂಡಿ ಇರುವುದೇ ಇದಕ್ಕಾಗಿ. ಅದಿಲ್ಲದೆ ಬರೆದ ಪ್ರಬಂಧದಲ್ಲಿ ಗೆದ್ದದ್ದು ಸೊಪ್ಪೋ ಸ್ಪಿರಿಟ್ಟೋ ಹೇಳುವುದು ಸಾಧ್ಯವಿಲ್ಲ.

ಮಾಚಿಕಾಯಿಯ ವಿಷಯ ಇಲ್ಲಿ ಹೇಳಲೇಬೇಕು. ಬಾಣಂತಿ ಔಷಧಿಗಳ ಜೊತೆ ಕೊಳ್ಳುವ, ಎಳೆಮಕ್ಕಳಿಗೆ ತೇಯ್ದು ನೆಕ್ಕಿಸುವ, ಬಾಯಿಹುಣ್ಣಿಗೂ ಒಸಡಿಗೂ ಹಚ್ಚುವ ಈ ವಸ್ತುವನ್ನು ನಾವು ಕಾಯಿ ಎನ್ನುತ್ತೇವಾದರೂ ಇದು ಕಾಯಲ್ಲ. ಪಶ್ಚಿಮ ಏಷ್ಯಾದ ಓಕ್ ಮರವೊಂದರ ಎಳೆಗೊಂಬೆಯಲ್ಲಿ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟು. ಇದರ ತೂಕದ ಅರ್ಧಕ್ಕಿಂತ ಹೆಚ್ಚು ಟ್ಯಾನಿನ್. ಕಣಜ ಹೊರಬಿದ್ದು ತೂತಾದ ಗಂಟಿಗಿಂತ ತೂತಾಗದ ಗಂಟು ಮೇಲು ಎಂದು ಹಳಬರು ಆರಿಸಿ ಕೊಳ್ಳುತ್ತಿದ್ದರು. ಮ್ಯೂಟನ್ಸ್ ವಿರುದ್ಧ, ಒಸಡು ರೋಗದ ಬ್ಯಾಕ್ಟೀರಿಯಾಗಳ ವಿರುದ್ಧ ಇದರ ಸಾರ ತಟ್ಟೆಯಲ್ಲಿ ಪದೇ ಪದೇ ಗೆದ್ದಿದೆ. ಆದರೆ ಟ್ಯಾನಿನ್‌ಗೆ ಬಾಯಲ್ಲಿ ಒಂದು ಎದುರಾಳಿ ಕಾದಿರುತ್ತದೆ.

ಮಿಲಿಮೀಟರಿನ ಮೋಸ

ಅದನ್ನು ಹೇಳುವ ಮುನ್ನ ವೃತ್ತದ ಅಳತೆಯನ್ನೇ ಸ್ವಲ್ಪ ಒರೆಗೆ ಹಚ್ಚಬೇಕು. ಸಾರದಲ್ಲಿರುವ ಅಣುಗಳು ಗುಂಡಿಯಿಂದ ಹೊರಟು ಅಗರ್‌ನೊಳಗೆ ಹರಡಿದಷ್ಟು ದೂರ ಮಾತ್ರ ವೃತ್ತ ಬಿಡುತ್ತದೆ. ಸಣ್ಣ, ನೀರಿಗೆ ಒಲಿಯುವ ಅಣುಗಳು ದೂರ ಹೋಗುತ್ತವೆ. ಎಣ್ಣೆಯ ಸ್ವಭಾವದವು, ದಪ್ಪನೆಯವು ಗುಂಡಿಯ ಅಂಚಿನಲ್ಲೇ ನಿಲ್ಲುತ್ತವೆ. ಹೀಗಾಗಿ 18 ಮಿಲಿಮೀಟರ್ ಬಿಡಿಸಿದ ಗಿಡ 12 ಮಿಲಿಮೀಟರ್ ಬಿಡಿಸಿದ ಗಿಡಕ್ಕಿಂತ ಶಕ್ತಿಶಾಲಿ ಎನ್ನಲಾಗದು, ಅದು ಚೆನ್ನಾಗಿ ಹರಡಿತು ಎಂದಷ್ಟೇ ಹೇಳಬಹುದು. ಔಷಧ ಕಂಪನಿಗಳ ಆಂಟಿಬಯೋಟಿಕ್ ಬಿಲ್ಲೆಗಳಿಗೆ ವೃತ್ತದ ಅಳತೆಯಿಂದ ಪರಿಣಾಮ ಹೇಳುವ ಕೋಷ್ಟಕಗಳಿವೆ. ನೂರಾರು ಅಣುಗಳ ಮಿಶ್ರಣವಾದ ಸೊಪ್ಪಿನ ಸಾರಕ್ಕೆ ಅಂಥ ಕೋಷ್ಟಕವಿಲ್ಲ.

ಸರಿಯಾದ ಮುಂದಿನ ಹೆಜ್ಜೆ ಕನಿಷ್ಠ ನಿರೋಧಕ ಸಾಂದ್ರತೆಯನ್ನು ಕಂಡುಹಿಡಿಯುವುದು. 96 ಗುಂಡಿಗಳ ಪ್ಲಾಸ್ಟಿಕ್ ಫಲಕದಲ್ಲಿ ಸಾರವನ್ನು ಅರ್ಧಕ್ಕರ್ಧ ತೆಳುಮಾಡುತ್ತ ಹೋಗಿ, ಎಷ್ಟು ತೆಳುವಾದರೂ ಬ್ಯಾಕ್ಟೀರಿಯಾ ಬೆಳೆಯದು ಎಂದು ನೋಡುತ್ತಾರೆ. ಈ ಸಂಖ್ಯೆ ಬಂದಾಗ ಎಷ್ಟೋ ವೃತ್ತಗಳ ಹೊಳಪು ಮಾಸುತ್ತದೆ. ಸ್ಪೇನಿನ ವೆಲೆನ್ಸಿಯಾದ ಇಬ್ಬರು ಔಷಧವಿಜ್ಞಾನಿಗಳು 2005ರಲ್ಲಿ ಒಂದು ಖಡಾಖಂಡಿತ ಮಿತಿ ಸೂಚಿಸಿದರು: ಮಿಲಿಲೀಟರಿಗೆ 1 ಮಿಲಿಗ್ರಾಂಗಿಂತ ಹೆಚ್ಚು ಸಾರ ಬಳಸುವ ಪ್ರಯೋಗಗಳನ್ನು ಮಾಡಲೇಬಾರದು, 100 ಮೈಕ್ರೋಗ್ರಾಂಗಿಂತ ಕಡಿಮೆಯಲ್ಲಿ ಕೆಲಸ ಮಾಡಿದರೆ ಮಾತ್ರ ಆ ಸಾರ ಆಸಕ್ತಿಗೆ ಅರ್ಹ. ನಮ್ಮಲ್ಲಿ ಮಿಲಿಲೀಟರಿಗೆ 50, 100 ಮಿಲಿಗ್ರಾಂ ಸುರಿದು ಗೆಲುವು ಸಾರಿದ ಪ್ರಬಂಧಗಳು ಎಷ್ಟೋ ಇವೆ. ಅಷ್ಟು ದಟ್ಟವಾಗಿ ಸುರಿದರೆ ಬ್ಯಾಕ್ಟೀರಿಯಾಕ್ಕೆ ಕಷ್ಟ ಕೊಡದ ವಸ್ತು ಕಡಿಮೆ.

ಮುಂದಿನ ಮೆಟ್ಟಿಲು ಬಯೋಫಿಲ್ಮ್. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿ ಸಿಗುತ್ತದೆ. ಹಲ್ಲಿನ ಮೇಲೆ ಅದು ಹಳೆಯ ಕಲ್ಯಾಣಿಯ ಮೆಟ್ಟಿಲಿಗೆ ಹಿಡಿದ ಪಾಚಿಯಂತೆ ಪದರಪದರವಾಗಿ, ತಾನೇ ಮಾಡಿದ ಅಂಟಿನೊಳಗೆ ಹುದುಗಿ ಕೂತಿರುತ್ತದೆ. ಹೀಗೆ ಕೂತ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಿಡಿ ಬ್ಯಾಕ್ಟೀರಿಯಾಕ್ಕೆ ಬೇಕಾದ್ದಕ್ಕಿಂತ ನೂರು, ಕೆಲವೊಮ್ಮೆ ಸಾವಿರ ಪಟ್ಟು ಔಷಧ ಬೇಕಾದೀತು. ಸಾಲದ್ದಕ್ಕೆ ಬಾಯಲ್ಲಿ 700ಕ್ಕೂ ಹೆಚ್ಚು ಬಗೆಯ ಬ್ಯಾಕ್ಟೀರಿಯಾಗಳ ಸಂಸಾರವಿದೆ. ಅವುಗಳಲ್ಲಿ ಹೆಚ್ಚಿನವು ನಮಗೆ ಹಾನಿ ಮಾಡದವು, ಕೆಲವಂತೂ ರೋಗಕಾರಕಗಳನ್ನು ಹತ್ತಿರ ಬಿಡದ ಕಾವಲಿನವು. ಕಂಡದ್ದನ್ನೆಲ್ಲ ಕೊಲ್ಲುವ ಸಾರ ಒಳ್ಳೆಯ ಸಾರ ಎನಿಸಲಾರದು.

ಟ್ಯಾನಿನ್‌ನ ಎದುರಾಳಿ ಜೊಲ್ಲು. ಪ್ರೋಲಿನ್ ಸಮೃದ್ಧವಾದ ಕೆಲವು ಪ್ರೋಟೀನುಗಳು ಜೊಲ್ಲಿನಲ್ಲಿವೆ. ಟ್ಯಾನಿನ್ ಕಂಡೊಡನೆ ಅವು ಅದನ್ನು ತಬ್ಬಿ ಹಿಡಿಯುತ್ತವೆ. ಎಳೆ ಮಾವಿನಮಿಡಿ ಕಚ್ಚಿದಾಗ ಬಾಯಿ ಒಗರಾಗಿ ಒಣಗಿದಂತಾಗುವುದು ಇದರಿಂದಲೇ. ಹೀಗೆ ಹಿಡಿದಿಟ್ಟ ಟ್ಯಾನಿನ್ ಬ್ಯಾಕ್ಟೀರಿಯಾದವರೆಗೆ ತಲುಪುವುದು ಕಷ್ಟ. ಪ್ರಯೋಗಾಲಯದ ಅಗರ್‌ನಲ್ಲಿ ಜೊಲ್ಲಿರುವುದಿಲ್ಲ. ಅಲ್ಲದೆ ಬಾಯಿಯಲ್ಲಿ ಜೊಲ್ಲು ಹರಿಯುತ್ತಲೇ ಇದ್ದು, ಮುಕ್ಕಳಿಸಿದ ಯಾವುದನ್ನಾದರೂ ನಿಮಿಷಗಳಲ್ಲಿ ತೊಳೆದು ಹಾಕುತ್ತದೆ. ತಟ್ಟೆಯಲ್ಲಿ ಸಾರಕ್ಕೆ 24 ಗಂಟೆಯ ಬಿಡುವು, ಬಾಯಲ್ಲಿ ಮುಕ್ಕಳಿಸುವ 30 ಸೆಕೆಂಡು. ಕ್ಲೋರ್‌ಹೆಕ್ಸಿಡಿನ್ ಇಷ್ಟು ಹೆಸರು ಮಾಡಿದ್ದು ಈ ಪರೀಕ್ಷೆಯಲ್ಲಿ ಗೆದ್ದುದರಿಂದ. ಧನಾತ್ಮಕ ವಿದ್ಯುದಂಶವಿರುವ ಅದರ ಅಣು ಹಲ್ಲಿಗೂ ಬಾಯಿಯ ಒಳಪದರಕ್ಕೂ ಅಂಟಿಕೊಂಡು ಹಲವು ಗಂಟೆ ಸ್ವಲ್ಪಸ್ವಲ್ಪವೇ ಬಿಡುಗಡೆಯಾಗುತ್ತದೆ. 0.2 ಪ್ರತಿಶತದ ಈ ದ್ರವವನ್ನು ದಿನಕ್ಕೆ ಎರಡು ಸಲ ಮುಕ್ಕಳಿಸಿದರೆ ಉಜ್ಜದಿದ್ದರೂ ದಂತಪಾಚಿ ಕಟ್ಟುವುದಿಲ್ಲ ಎಂದು 1970ರಲ್ಲಿ ಡೆನ್ಮಾರ್ಕಿನಲ್ಲಿ ತೋರಿಸಿದರು. ಅದಕ್ಕೆ ದೋಷಗಳೂ ಇವೆ. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಗಿಡದಿಂದ ಬದಲಿ ಹುಡುಕುವ ಆಸೆಗೆ ಇದೇ ಕಾರಣ, ಆ ಆಸೆ ನ್ಯಾಯವಾದದ್ದು.

ಅಡಿಕೆಯ ಪಾಠ

ತಟ್ಟೆಯ ಮಿತಿ ಎಷ್ಟು ಗಂಭೀರ ಎಂಬುದಕ್ಕೆ ಅಡಿಕೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವವರು ನಾವು. ಅಡಿಕೆಯ ಸಾರವನ್ನು ಬಾಯಿಯ ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದವರಿದ್ದಾರೆ. ಅದರ ಟ್ಯಾನಿನ್‌ಗಳು ಅವುಗಳ ಬೆಳವಣಿಗೆಯನ್ನು ತಡೆಯುತ್ತವೆ. ಅಡಿಕೆ ಜಗಿಯುವವರಲ್ಲಿ ಹುಳುಕು ಕಡಿಮೆ ಎಂದು ಹೇಳಿದ ಕೆಲವು ಹಳೆಯ ಸಮೀಕ್ಷೆಗಳೂ ಇವೆ. ಅಂದರೆ ತಟ್ಟೆಯನ್ನಷ್ಟೇ ಕೇಳಿದರೆ ಅಡಿಕೆ ಹಲ್ಲಿನ ಗೆಳೆಯ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 2004ರಲ್ಲಿ ಪ್ರಕಟಿಸಿದ ವರದಿ, ತಂಬಾಕು ಬೆರೆಸದಿದ್ದರೂ ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಸಾರಿ ಅದನ್ನು ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಜಗಿಯುವವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿದು, ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದೆ ಒದ್ದಾಡುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ರೋಗಿಗಳನ್ನು ನಮ್ಮ ದಂತ ಆಸ್ಪತ್ರೆಗಳ ವೈದ್ಯರು ಪ್ರತಿವಾರ ನೋಡುತ್ತಾರೆ. ಅವರಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರೂ ಇರುತ್ತಾರೆ. ತಂಬಾಕೂ ಗಿಡವೇ. ತಂಬಾಕು ಬೆರೆತ ಹಲ್ಲುಪುಡಿ, ಪೇಸ್ಟ್‌ಗಳನ್ನು ಸರ್ಕಾರ 1992ರಲ್ಲಿ ನಿಷೇಧಿಸಬೇಕಾಯಿತು. ಬ್ಯಾಕ್ಟೀರಿಯಾಕ್ಕೆ ಏನಾಯಿತು ಎಂದು ತಟ್ಟೆ ಹೇಳುತ್ತದೆ. ಆ ಬ್ಯಾಕ್ಟೀರಿಯಾ ವಾಸವಿರುವ ಬಾಯಿಗೆ ಏನಾಯಿತು ಎಂದು ಹೇಳುವ ಶಕ್ತಿ ಅದಕ್ಕಿಲ್ಲ.

ಅದಕ್ಕಾಗಿಯೇ ಸಾರವನ್ನು ಮನುಷ್ಯರ ಒಸಡಿನ ಜೀವಕೋಶಗಳ ಮೇಲೆ ಪರೀಕ್ಷಿಸುವ ಪದ್ಧತಿ ಇದೆ. ಬದುಕಿರುವ ಕೋಶಗಳು ಎಂಟಿಟಿ ಎಂಬ ಹಳದಿ ಬಣ್ಣವನ್ನು ನೇರಳೆಯಾಗಿಸುತ್ತವೆ, ಸತ್ತವು ಆಗಿಸುವುದಿಲ್ಲ. ನೇರಳೆಯ ಗಾಢತೆಯಿಂದ ಎಷ್ಟು ಕೋಶ ಉಳಿದವು ಎಂದು ಲೆಕ್ಕ ಹಾಕುತ್ತಾರೆ. ಮ್ಯೂಟನ್ಸನ್ನು ತಡೆಯುವ ಪ್ರಮಾಣದಲ್ಲೇ ಒಸಡಿನ ಕೋಶಗಳನ್ನೂ ಕೊಲ್ಲುವ ಸಾರ ಯಾವ ಉಪಯೋಗಕ್ಕೂ ಬಾರದು. ಲವಂಗದ ಎಣ್ಣೆಯಲ್ಲಿ ಬಹುಪಾಲು ಯೂಜಿನಾಲ್. ಜಿಂಕ್ ಆಕ್ಸೈಡ್ ಜೊತೆ ಬೆರೆತು ಅದು ತಾತ್ಕಾಲಿಕ ಸಿಮೆಂಟಾಗಿ ಜಗತ್ತಿನ ದಂತವೈದ್ಯರೆಲ್ಲರ ಮೇಜಿನ ಮೇಲಿದೆ. ಅದೇ ಎಣ್ಣೆಯನ್ನು ನೇರವಾಗಿ ಒಸಡಿಗೆ ಸುರಿದುಕೊಂಡರೆ ಸುಡುತ್ತದೆ, ಚಿಕ್ಕ ಮಗು ನುಂಗಿದರೆ ಯಕೃತ್ತಿಗೆ ಅಪಾಯ. ನೋಯುವ ಹಲ್ಲಿಗೆ ಎಕ್ಕದ ಹಾಲು, ಗೇರು ಸಿಪ್ಪೆಯ ಎಣ್ಣೆ ಹಾಕಿಕೊಂಡು ಬಾಯಿ ಸುಟ್ಟುಕೊಳ್ಳುವವರು ಈಗಲೂ ಇರುವಾಗ, ಈ ಪರೀಕ್ಷೆಯನ್ನು ಐಚ್ಛಿಕ ಎಂದು ಬಿಡುವುದು ಸರಿಯಲ್ಲ.

ದಾರಿ ಮುಗಿಸಿದವರು

ತಟ್ಟೆಯಿಂದ ಮುಂದೆ ನಡೆದವರೂ ಇದ್ದಾರೆ, ಅದರಲ್ಲಿ ನಮ್ಮ ನೆಲದವರೂ ಇದ್ದಾರೆ. ಮಣಿಪಾಲದ ಔಷಧವಿಜ್ಞಾನಿಗಳು ಬೇವಿನೆಲೆಯ ಸಾರವನ್ನು ಒಸಡಿಗೆ ಅಂಟಿಕೊಳ್ಳುವ ಜೆಲ್ ಆಗಿಸಿದರು. ಸಾರ ತೊಳೆದು ಹೋಗದೆ ನಿಲ್ಲಬೇಕು ಎಂಬ ಯೋಚನೆ ಅದರಲ್ಲೇ ಇದೆ. ಪ್ರತಿ ಗ್ರಾಂ ಜೆಲ್‌ನಲ್ಲಿ 25 ಮಿಲಿಗ್ರಾಂ ಸಾರ. 36 ಯುವಕರನ್ನು ಆರು ವಾರ ಗಮನಿಸಿ, 0.2 ಪ್ರತಿಶತ ಕ್ಲೋರ್‌ಹೆಕ್ಸಿಡಿನ್ ಜೊತೆ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ದಂತಪಾಚಿಯೂ ಜೊಲ್ಲಿನಲ್ಲಿದ್ದ ಮ್ಯೂಟನ್ಸ್, ಲ್ಯಾಕ್ಟೊಬ್ಯಾಸಿಲಸ್‌ಗಳೂ ಬೇವಿನ ಗುಂಪಿನಲ್ಲಿ ಕಡಿಮೆಯಾಗಿದ್ದವು. ಜನ ಕಡಿಮೆ, ಅವಧಿ ಚಿಕ್ಕದು. ಆದರೂ ಪ್ರಶ್ನೆ ಕೇಳಿದ್ದು ಬಾಯಿಯನ್ನು. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲಾದ 0.6 ಪ್ರತಿಶತ ದ್ರವವನ್ನು ಸಾವಿರದ ನಾನೂರಕ್ಕೂ ಹೆಚ್ಚು ಶಾಲಾಮಕ್ಕಳಲ್ಲಿ ಕ್ಲೋರ್‌ಹೆಕ್ಸಿಡಿನ್ ಜೊತೆ ಹೋಲಿಸಿದ ಭಾರತೀಯ ಅಧ್ಯಯನ 2011ರಲ್ಲಿ ಬಂತು. ಪಾಚಿ ಮತ್ತು ಒಸಡಿನ ಊತ ತಗ್ಗಿಸುವುದರಲ್ಲಿ ಎರಡೂ ಸರಿಸಮ ಎಂಬುದು ಅದರ ತೀರ್ಮಾನ. ಇಷ್ಟು ದೊಡ್ಡ ಸಂಖ್ಯೆಯ ಮಕ್ಕಳನ್ನು ಒಳಗೊಂಡ ಗಿಡಮೂಲಿಕೆ ಪರೀಕ್ಷೆಗಳು ಅಪರೂಪ.

ನನಗೆ ಇನ್ನೂ ಹೆಚ್ಚು ಭರವಸೆ ಕೊಟ್ಟದ್ದು ಸೀಬೆ ಎಲೆಯ ಕಥೆ. 2006ರಲ್ಲಿ ತಮಿಳುನಾಡಿನ ವಿಜ್ಞಾನಿಗಳು ಸಾರಕ್ಕೆ ನಿಲ್ಲದೆ ಅದರೊಳಗಿನ ಅಣುಗಳನ್ನು ಒಂದೊಂದಾಗಿ ಬೇರ್ಪಡಿಸುತ್ತ ಹೋಗಿ ಗ್ವಾಯಜವೆರಿನ್ ಎಂಬ ಫ್ಲೇವನಾಯ್ಡನ್ನು ಹಿಡಿದರು. ಅದು ಮ್ಯೂಟನ್ಸ್‌ನ ಬೆಳವಣಿಗೆಯನ್ನು ತಡೆಯುವುದಷ್ಟೇ ಅಲ್ಲ, ಹಲ್ಲಿಗೆ ಅಂಟುವ ಅದರ ಸಾಮರ್ಥ್ಯವನ್ನೂ ತಗ್ಗಿಸುತ್ತದೆ. ಕೊಲ್ಲುವ ಬದಲು ಅಂಟದಂತೆ ಮಾಡುವ ಈ ದಾರಿ ಬಾಯಿಗೆ ಹೇಳಿಮಾಡಿಸಿದ್ದು. ಉಳಿದ ಬ್ಯಾಕ್ಟೀರಿಯಾಗಳ ಸಂಸಾರ ಕೆಡುವುದಿಲ್ಲ, ಅಂಟದ ಮ್ಯೂಟನ್ಸ್ ಜೊಲ್ಲಿನ ಜೊತೆ ಹೊಟ್ಟೆಗೆ ಹೋಗುತ್ತದೆ. ಅದೇ 2006ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಚೀನಾದ ಅತಿಮಧುರದ ಬೇರಿನಿಂದ ಗ್ಲಿಸಿರೈಜಾಲ್-ಎ ಎಂಬ ಅಣುವನ್ನು ತೆಗೆದು, ಆ ಬೇರಿನ ಸಾರದಿಂದ ಸಕ್ಕರೆಯಿಲ್ಲದ ಲಾಲಿಪಾಪ್ ತಯಾರಿಸಿ, ಆಮೇಲೆ ಮಕ್ಕಳಿಗೆ ಕೊಟ್ಟು ನೋಡಿತು. ನಮ್ಮ ಗಂಧಿಗೆ ಅಂಗಡಿಯ ಅತಿಮಧುರ ಅದರ ದಾಯಾದಿ, ಬೇರೆಯೇ ಪ್ರಭೇದ. ಚೀನಾದ ಬೇರಿನ ಫಲಿತಾಂಶವನ್ನು ನಮ್ಮದಕ್ಕೆ ಹಾಗೆಯೇ ಅಂಟಿಸಲಾಗದು, ನಮ್ಮದನ್ನು ನಾವೇ ಪರೀಕ್ಷಿಸಬೇಕು.

ಎಳನೀರಿನ ವಿಷಯವೂ ಕೇಳುವಂಥದ್ದು. ಬಿದ್ದು ಪೆಟ್ಟಾಗಿ ಮಗುವಿನ ಹಲ್ಲು ಬೇರುಸಹಿತ ಕಿತ್ತು ಬಂದರೆ, ಬೇರಿನ ಮೇಲಿನ ಕೋಶಗಳು ಸಾಯುವ ಮೊದಲು ದಂತವೈದ್ಯರಲ್ಲಿಗೆ ಒಯ್ದು ಮತ್ತೆ ಕೂರಿಸಬಹುದು. ದಾರಿಯಲ್ಲಿ ಅದನ್ನು ಯಾವುದರಲ್ಲಿಡಬೇಕು? 2008ರಲ್ಲಿ ಚೆನ್ನೈನ ಸಂಶೋಧಕರು ಎಳನೀರು ಹಾಲಿಗಿಂತ ಹೆಚ್ಚು ಕೋಶಗಳನ್ನು ಉಳಿಸಿತು ಎಂದು ವರದಿ ಮಾಡಿದರು. ಅದರ ನಂತರದ ಬೇರೆ ಅಧ್ಯಯನಗಳಲ್ಲಿ ಹಾಲೇ ಮುಂದೆ ಬಂತು. ಎಳನೀರು ಆಮ್ಲೀಯವಾದದ್ದು ಎಂಬುದು ಅದಕ್ಕೊಂದು ಕಾರಣ. ಈಗಲೂ ವೈದ್ಯರು ಹೇಳುವುದು ಹಾಲಿನಲ್ಲಿಡಿ ಎಂದೇ. ತೆಂಗಿನ ನಾಡಿನವರಾದ ನಮಗೆ ಮೊದಲ ಫಲಿತಾಂಶ ಇಷ್ಟವಾಗುವುದು ಸಹಜ. ಆದರೆ ಇಷ್ಟವಾದ ಫಲಿತಾಂಶವನ್ನೇ ಎರಡನೆಯ ಸಲ, ಬೇರೆ ಕೈಗಳಿಂದ, ಬೇರೆ ಊರಿನಲ್ಲಿ ಪರೀಕ್ಷಿಸಬೇಕಾಗುತ್ತದೆ.

ಬೇವಿನ ಕಡ್ಡಿಯ ಬಗ್ಗೆಯೂ ಹೀಗೆ ಬಿಡಿಸದ ಗಂಟೊಂದಿದೆ. ಕಡ್ಡಿಯಿಂದ ಹಲ್ಲು ಸ್ವಚ್ಛವಾದದ್ದು ಅದರ ರಸದಿಂದಲೋ, ಜಗಿದಾಗ ಬಿಡಿಸಿಕೊಂಡ ನಾರು ಉಜ್ಜಿದ್ದರಿಂದಲೋ? 1965ರಲ್ಲಿ ಡೆನ್ಮಾರ್ಕಿನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ವಿದ್ಯಾರ್ಥಿಗಳಿಗೆ ಹಲ್ಲುಜ್ಜುವುದನ್ನು ನಿಲ್ಲಿಸಲು ಹೇಳಿದಾಗ ಎರಡು-ಮೂರು ವಾರದಲ್ಲಿ ಎಲ್ಲರ ಒಸಡೂ ಊದಿತು. ಮತ್ತೆ ಉಜ್ಜತೊಡಗಿದಾಗ ಸರಿಹೋಯಿತು. ಉಜ್ಜುವಿಕೆಗೇ ಅಷ್ಟು ಶಕ್ತಿಯಿದೆ. ವಿಶ್ವ ಆರೋಗ್ಯ ಸಂಸ್ಥೆ 1987ರಲ್ಲಿ ಹಲ್ಲುಜ್ಜುವ ಕಡ್ಡಿಗಳ ಬಳಕೆಯನ್ನು ಪ್ರೋತ್ಸಾಹಿಸಿತು. ಬೇವಿನ ರಸಕ್ಕೂ ಅದರಲ್ಲಿ ಪಾಲಿದೆ ಎಂದು ಸಾಬೀತುಪಡಿಸಬೇಕಾದರೆ, ರಸವನ್ನೆಲ್ಲ ತೊಳೆದು ತೆಗೆದ ಬೇವಿನ ಕಡ್ಡಿಯನ್ನು ಒಂದು ಗುಂಪಿಗೂ ಹಸಿಕಡ್ಡಿಯನ್ನು ಇನ್ನೊಂದು ಗುಂಪಿಗೂ ಕೊಟ್ಟು ನೋಡಬೇಕು. ಖರ್ಚು ಹೆಚ್ಚಿಲ್ಲದ ಈ ಪರೀಕ್ಷೆಯನ್ನು ನಮ್ಮ ಊರುಗಳಲ್ಲೇ ಮಾಡಬಹುದು. ಇದಕ್ಕೆ ಬೇಕಾದ ಬೇವು ನಮ್ಮ ಉತ್ತರ ಕರ್ನಾಟಕದ ಪ್ರತಿ ಬದುವಿನಲ್ಲೂ ಇದೆ.

ದೇಶದ 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, 53.8 ಪ್ರತಿಶತದಷ್ಟು, ಹುಳುಕು ಇದೆ ಎಂದು 2002-03ರ ರಾಷ್ಟ್ರೀಯ ಬಾಯಿ ಆರೋಗ್ಯ ಸಮೀಕ್ಷೆ ಹೇಳಿತ್ತು. ಹುಳುಕು ತಡೆಯುವುದರಲ್ಲಿ ಅತ್ಯಂತ ಗಟ್ಟಿ ಆಧಾರವಿರುವುದು ಫ್ಲೋರೈಡ್ ಪೇಸ್ಟ್‌ಗೆ. ಗಿಡಮೂಲಿಕೆ ಎಂಬ ಒಂದೇ ಕಾರಣಕ್ಕೆ ಫ್ಲೋರೈಡ್ ಇಲ್ಲದ ಪೇಸ್ಟ್ ಆರಿಸಿಕೊಳ್ಳುವ ತಂದೆತಾಯಿಗಳು ಇದನ್ನು ತಿಳಿದಿರಬೇಕು. ನೀರಿನಲ್ಲೇ ಫ್ಲೋರೈಡ್ ಮಿತಿಮೀರಿರುವ ಬಾಗಲಕೋಟೆ, ಗದಗ, ಕೊಪ್ಪಳ, ಪಾವಗಡದ ಕಡೆಯ ಹಳ್ಳಿಗಳ ಚಿಕ್ಕಮಕ್ಕಳಿಗೆ ಮಾತ್ರ ಲೆಕ್ಕ ಬೇರೆ. ಅವರಿಗೆ ಯಾವ ಪೇಸ್ಟ್, ಎಷ್ಟು ಎಂಬುದನ್ನು ದಂತವೈದ್ಯರನ್ನು ಕೇಳಿಯೇ ನಿರ್ಧರಿಸಬೇಕು. ಆ ಹಳ್ಳಿಗಳಿಗೆ ಫ್ಲೋರೈಡ್ ಬೇಡದ, ಆದರೂ ಮ್ಯೂಟನ್ಸನ್ನು ಅಂಟಗೊಡದ ಒಂದು ಸಸ್ಯಮೂಲ ಪೇಸ್ಟ್ ನಿಜವಾದ ವರದಾನವಾದೀತು. ಗಿಡಮೂಲಿಕೆ ಸಂಶೋಧನೆಗೆ ಇದಕ್ಕಿಂತ ಸ್ಪಷ್ಟವಾದ ಗುರಿ ನನಗೆ ಹೊಳೆಯುತ್ತಿಲ್ಲ.

ಯಾಕೆ ಹೆಚ್ಚಿನವರು ತಟ್ಟೆಯಲ್ಲೇ ನಿಲ್ಲುತ್ತಾರೆ? ದಂತವೈದ್ಯಕೀಯದ ಸ್ನಾತಕೋತ್ತರ ಪದವಿ ಎಂಡಿಎಸ್ ಓದುವ ವಿದ್ಯಾರ್ಥಿಗೆ ಇರುವುದು ಮೂರು ವರ್ಷ. ಅದರಲ್ಲಿ ರೋಗಿಗಳ ಚಿಕಿತ್ಸೆ, ಪರೀಕ್ಷೆ, ಕಡ್ಡಾಯ ಮಹಾಪ್ರಬಂಧ ಎಲ್ಲ ಮುಗಿಯಬೇಕು. ತಟ್ಟೆಯ ಪ್ರಯೋಗಕ್ಕೆ ಕೆಲವು ವಾರ, ಅಲ್ಪ ಹಣ ಸಾಕು. ಬಯೋಫಿಲ್ಮ್, ಕೋಶಪರೀಕ್ಷೆ, ಅಣುಗಳ ಬೇರ್ಪಡಿಕೆಗೆ ಹಣವೂ ರಸಾಯನಶಾಸ್ತ್ರಜ್ಞರ ನೆರವೂ ಬೇಕು. ಮನುಷ್ಯರ ಮೇಲಿನ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ, 2009ರಿಂದ ಕಡ್ಡಾಯವಾಗಿರುವ ರಾಷ್ಟ್ರೀಯ ನೋಂದಣಿ ಬೇಕು. ಒಬ್ಬ ವಿದ್ಯಾರ್ಥಿ ಬಿಟ್ಟ ಜಾಗದಿಂದ ಮುಂದಿನವರು ಶುರುಮಾಡುವ ವ್ಯವಸ್ಥೆಯಿದ್ದರೆ ಇಷ್ಟೂ ಹೆಜ್ಜೆಗಳನ್ನು ಹತ್ತು ವರ್ಷದಲ್ಲಿ ನಾಲ್ಕೈದು ಮಂದಿ ಸೇರಿ ಕ್ರಮಿಸಬಹುದು. ಈಗ ಆಗುತ್ತಿರುವುದು ಬೇರೆ. ಪ್ರತಿಯೊಬ್ಬರೂ ಹೊಸ ಸೊಪ್ಪಿನೊಡನೆ ಮೊದಲ ಹೆಜ್ಜೆಯನ್ನೇ ಇಡುತ್ತಾರೆ, ಮತ್ತೆ ಅದೇ ವೃತ್ತ.

ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ, ಬೆಳಗಾವಿಯಲ್ಲೇ ಇರುವ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಸ್ಥೆ, ಎಫ್‌ಆರ್‌ಎಲ್‌ಎಚ್‌ಟಿಯ ಹರ್ಬೇರಿಯಂ ಮೂರೂ ನಮ್ಮ ರಾಜ್ಯದಲ್ಲೇ ಇವೆ. ಇವು ಸೇರಿ ಎಲ್ಲರೂ ನೋಡಬಹುದಾದ ಒಂದು ದಾಖಲೆ ಪುಸ್ತಕ ತೆರೆಯಬೇಕು. ಪ್ರತಿ ಸಾಲಿನಲ್ಲೂ ಗಿಡದ ಹೆಸರು, ಹರ್ಬೇರಿಯಂ ಸಂಖ್ಯೆ, ಕಿತ್ತ ಊರು ಮತ್ತು ತಿಂಗಳು, ದ್ರಾವಕ, ಕನಿಷ್ಠ ನಿರೋಧಕ ಸಾಂದ್ರತೆ, ಜೊಲ್ಲು ಬೆರೆಸಿದಾಗ ಏನಾಯಿತು, ಒಸಡಿನ ಕೋಶ ಎಷ್ಟು ಉಳಿಯಿತು ಎಂಬುದಿರಬೇಕು. 1 ಮಿಲಿಗ್ರಾಂನಲ್ಲಿ ಏನೂ ಮಾಡದ ಗಿಡಗಳಿಗೂ ಅದರಲ್ಲಿ ಜಾಗವಿರಬೇಕು. ಸೋತ ಫಲಿತಾಂಶವನ್ನು ಪತ್ರಿಕೆಗಳು ಅಚ್ಚು ಹಾಕುವುದು ಅಪರೂಪವಾದ್ದರಿಂದ, ಒಂದೂರಿನಲ್ಲಿ ಸೋತ ಸೊಪ್ಪನ್ನೇ ಇನ್ನೊಂದೂರಿನ ವಿದ್ಯಾರ್ಥಿ ಮುಂದಿನ ವರ್ಷ ಮತ್ತೆ ಅರೆಯುತ್ತಾನೆ. ಹೊಸ ಮಹಾಪ್ರಬಂಧದ ವಿಷಯ ಒಪ್ಪಿಗೆಗೆ ಬಂದಾಗ ಮಾರ್ಗದರ್ಶಕರು ಮೊದಲು ಆ ಪುಸ್ತಕ ತೆರೆದು ನೋಡಿ, ಸೀಬೆ ಎಲೆ ಈಗಾಗಲೇ ಯಾವ ಹೆಜ್ಜೆಯವರೆಗೆ ಬಂದಿದೆ ಎಂದು ತಿಳಿದು, ಅಲ್ಲಿಂದ ಮುಂದಿನ ಹೆಜ್ಜೆಯನ್ನು ವಿದ್ಯಾರ್ಥಿಗೆ ಕೊಡುವಂತಾಗಬೇಕು.